ಹನ್ನೊಂದು ವರ್ಷದ ಜಲಕಂಟಕ

ಕೊರ್ಲಹಳ್ಳಿ, ತಾ. ಮುಂಡರಗಿ
೮-೧೦-೨೦೨೫, ಬುಧವಾರ

ನಮ್ಮ ಶಾಂಭವಿ ಅಪ್ಪಾರಿಗೆ, ನಿಮ್ಮ ಮನಿಯಾಕಿ ಭಾಗ್ಯಾ ಮಾಡುವ ನಮಸ್ಕಾರ.

ಮೈಯಾಗ ಆರಾಮ ಅದೀರಿಲ್ಲೋ? ಹತ್ತಿ ಖರೀದಿ ಅಂತ ರಾಯಚೂರಿಗೆ ಹೋಗಿ ಇಪ್ಪತ್ತು ದಿನ ಆತು, ಖಾನಾವಳಿ ಊಟ ಹೊಟ್ಟಿಗೆ ಹತ್ತೇತೋ ಇಲ್ಲೋ. ಹತ್ತಿ ಧೂಳಿಗೆ ಕೆಮ್ಮು ಬಂದಿದ್ರ ಬಿಸಿನೀರು ಕುಡೀರಿ. ಇಲ್ಲಿ ನಾವೆಲ್ಲಾ ಆರಾಮ. ಇಷ್ಟು ಕೇಳೂದು ನನ್ನ ಧರ್ಮ, ಕೇಳೀನಿ. ಇನ್ನ ಮುಂದಿಂದೆಲ್ಲಾ ಬೈಗಳ. ಫೋನಿನ್ಯಾಗ ಹೇಳಿದ್ರ ನೀವು ನಡುವ ಬಾಯಿ ಹಾಕ್ತೀರಿ, ಅದಕ್ಕ ಕಾಗದ ಬರದೀನಿ. ಪೂರಾ ಓದ್ರಿ.

ಹೌದ್ರಿ, ನಾವು ಹೊಳಿಗೆ ಹೋಗಿದ್ವಿ. ನಾನು, ಶಾಂಭವಿ, ನಿಮ್ಮ ಅವ್ವ, ಮೂರೂ ಮಂದಿ ಹರಗೋಲಿನ್ಯಾಗ ಕುಂತು ಹೋಗಿದ್ವಿ. ತಡೀರಿ, ಈಗ ಸಿಟ್ಟಾಗಬ್ಯಾಡ್ರಿ, ಮೊದಲ ನನ್ನ ಸಿಟ್ಟು ಮುಗೀಲಿ. ತುಂಗಭದ್ರಿ ದಂಡಿ ಮ್ಯಾಲ ಹುಟ್ಟಿ ಬೆಳದಾಕಿ ನಾನು. ಲಗ್ನ ಆಗಿ ಹನ್ನೊಂದು ವರ್ಷ, ತವರಿಗೆ ಬಂದಾಗೊಮ್ಮೆ ಹೊಳಿ ಕಡೆ ಹಾಯದ ತಿರುಗಿ ಹೋಗೀನಿ. ಯಾಕ? ನೀವು ಸಣ್ಣವರಿದ್ದಾಗ ಯಾರೋ ಅಯ್ಯನವರು ನಿಮಗ ಜಲಕಂಟಕ ಐತಿ ಅಂದಿದ್ರಂತ. ಆತು, ನಿಮಗಿದ್ರ ನೀವು ದೂರ ಇರ್ರಿ. ನನಗ್ಯಾಕ? "ಹೆಂಡ್ತಿ ಹೊಳಿಗಿಳದ್ರೂ ಗಂಡಗ ತಾಕತೈತಿ" ಅಂದ್ರಿ. ಅದನ್ನೂ ಕೇಳಿದೆ. ಕಡೀಕ ಅತ್ತ್ಯಾರ ಕೈಲೆ ಮಗಳ ಕೊಳ್ಳಾಗೂ ತಾಯತ ಕಟ್ಟಿಸಿ, ತಂದಿಗಿದ್ದದ್ದು ಮಗಳಿಗೂ ಬರ್ತೈತಿ ಅಂದ್ರಲ್ಲ, ಅವತ್ತಿಂದ ನನ್ನ ಹೊಟ್ಟ್ಯಾಗ ಬೆಂಕಿ ಐತಿ. ಕಂಟಕ ಅಂದ್ರ ಹೊಲಾ ಮನಿ ಏನ್ರಿ, ವಾರಸಾ ಬರಾಕ?

ಮೊನ್ನೆ ಶೀಗಿ ಹುಣ್ಣಿಮಿಗೆ ನಮ್ಮೂರು ಕೋಟುಮಚಗಿ ಹೊಲದಾಗ ಭೂಮಿತಾಯಿಗೆ ಅಡಿಗಿ ತುತ್ತು ಬೀರಿ ಚರಗ ಚೆಲ್ಲಿ, ಉಳಿದ ಬುತ್ತಿ ಕಟಗೊಂಡು ನಿನ್ನೆ ಇಲ್ಲಿ ತವರಿಗೆ ಬಂದ್ವಿ. "ನಾನೂ ಒಮ್ಮೆ ಹೊಳಿ ನೋಡ್ತೀನವಾ" ಅಂತ ಅತ್ತ್ಯಾರು ತಾವಾಗೇ ಬೆನ್ನು ಹತ್ತಿದ್ರು. ಸಣ್ಣಾಕಿದ್ದಾಗ ನನ್ನ ದಾಟಿಸ್ತಿದ್ದ ಅಕ್ಬರಸಾಬ ಕಾಕಾ ಈಗೂ ಹರಗೋಲು ಇಟ್ಟಾನ. ನೀರು ತಿಳಿಯಾಗಿ ಸಾವಕಾಶ ಹರೀತಿತ್ತು. ಕಾಕಾ ಹುಟ್ಟು ತೊಡಿ ಮ್ಯಾಲ ಇಟಗೊಂಡು, ಹರಗೋಲು ತನ್ನ ಪಾಡಿಗೆ ತಿರಗಕೋತ ಹೋಗ್ಲಿ ಅಂತ ಬಿಟ್ಟ. ಅತ್ತ್ಯಾರು ಮೊದಲಿಗೆ ನನ್ನ ಸೆರಗು ಗಟ್ಟಿ ಹಿಡದ್ರು. ಆಮ್ಯಾಲ ಸಜ್ಜಿ ರೊಟ್ಟಿ, ಪುಂಡಿಪಲ್ಯ ಬಿಚ್ಚಿ ಕಾಕಾಗ ಕೊಟ್ಟು, ಹೊಳಿಗೂ ಒಂದು ತುತ್ತು ಚೆಲ್ಲಿದ್ರು. ಏನ್ ಸುಖಾ ಅನಿಸ್ತು ಅಂತೀರಿ!

ಆದ್ರ ನಿಮ್ಮ ಮಗಳು? ಎರಡೂ ಕೈ ಬಗಲಾಗ ಇಟಗೊಂಡು ನಟ್ಟನಡುವ ಮುದುಡಿ ಕುಂತಿತ್ತು. "ನೀರು ಮುಟ್ಟವಾ, ತಣ್ಣಗೈತಿ" ಅಂದ ಕಾಕಾ. "ನಾ ಮುಟ್ಟಿದ್ರ ನಮ್ಮಪ್ಪ ಸಾಯ್ತಾನ" ಅಂತು. ಒಂಬತ್ತು ವರ್ಷದ ಕೂಸು! ಕೇಳಿಸ್ತೇನ್ರಿ? ನೀರಿಗೆ ಅಂಜತೈತಿ ಅಂತ ತಿಳದಿದ್ದೆ ನಾನು. ನಿಮ್ಮ ಜೀವದ ಭಾರ ಅದರ ತಲಿ ಮ್ಯಾಲ ಹೊರಿಸಿಟ್ಟೀರಿ, ನಾಚಿಕಿ ಆಗೂದಿಲ್ಲೇನು? ಅತ್ತ್ಯಾರ ಕೈಯಾಗಿನ ರೊಟ್ಟಿ ಹಂಗ ಉಳೀತು. ತೇಲಿಕೋತ ಭಾಳ ದೂರ ಹೋಗಿದ್ವಿ; ಕಾಕಾ ಹರಗೋಲು ದಂಡಿಗೆ ಹಚ್ಚಿ, ತಲಿ ಮ್ಯಾಲ ಬೋರಲು ಹೊತ್ತು ಮುಂದ, ನಾವು ಹಿಂದ, ದಂಡಿ ಹಿಡದು ನಡಕೋತ ಬಂದ್ವಿ.

ನಿಮಗ ಸಿಟ್ಟು ಬಂದಿದ್ರ ಬರ್ಲಿ, ನಂದಂತೂ ಇನ್ನೂ ಇಳದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ರಿ. ನಮ್ಮ ಅಪ್ಪ ಅವ್ವ ನಿಮ್ಮನ್ನ ಕೇಳ್ಯಾರ.

ಸಿಟ್ಟಿನ್ಯಾಗೂ ನಿಮ್ಮಾಕಿ,
ಭಾಗ್ಯಾ

ತಾ.ಕ.: ಕಾಗದ ಮಡಚೂದ್ರಾಗ ಅತ್ತ್ಯಾರು ಬಂದು ಬಾಜೂಕ ಕುಂತ್ರು. ಅವರು ಹೇಳಿದ್ದು ಹಂಗ ಬರೀತೀನಿ. ಯಾವ ಅಯ್ಯನವರೂ ಏನೂ ಹೇಳಿಲ್ಲಂತ. ನೀವು ನಾಕು ವರ್ಷದವರಿದ್ದಾಗ ಹಿತ್ತಲ ಬಾವಿ ಕಟ್ಟಿ ಹತ್ತತಿದ್ರಂತ, ಬಡದ್ರೂ ಕೇಳಲಿಲ್ಲಂತ. ಅದಕ್ಕ ಜಲಕಂಟಕ ಅಂತ ತಾವ ಹುಟ್ಟಿಸಿ ಹೇಳಿದ್ರಂತ. ತಾಯತದಾಗ ಇರೂದು ಒಲಿ ಬೂದಿ. ನೀವು ದೊಡ್ಡವರಾದ ಮ್ಯಾಲ ಖರೆ ಹೇಳಾಕ ಬಾಯಿ ಬರಲಿಲ್ಲಂತ. ಅವರಿಗೂ ಬೈದೆ, ಬಿಡಲಿಲ್ಲ. ಅತ್ರು. ಶಾಂಭವಿ ಕೊಳ್ಳಾಗಿನ ತಾಯತ ತಮ್ಮ ಕೈಲೇ ಹರದ್ರು. ಆದ್ರೂ ಆಕಿ ಇನ್ನೂ ಹೊಳಿ ಮುಟ್ಟವಲ್ಲಳ್ರಿ. "ಮೊದಲ ಅಪ್ಪ ಮುಟ್ಟಲಿ. ಅವಂಗೇನೂ ಆಗದಿದ್ರ ನಾ ಮುಟ್ಟತೀನಿ" ಅಂತಾಳ. ಐತವಾರ ಮುಂಜಾನಿ ಬಸ್ಸಿಗೆ ಬರ್ರಿ. ಅಕ್ಬರಸಾಬ ಕಾಕಾಗ ಹೇಳಿಟ್ಟೀನಿ.