ಪುಸ್ತಕದಾಗ ಹಾಂಗಿಲ್ಲ

ಬಸವಕಲ್ಯಾಣ
14 ಫೆಬ್ರುವರಿ 1999, ರವಿವಾರ

ಮಧ್ಯಾಹ್ನ ‘ಕಾಂಚ್ ಕಾ ಘೋಡಾ’ ಎರಡನೇ ಸಲ ಓದಿ ಮುಗಿಸಿದೆ. ಈ ತಿಂಗಳ ಕಾಮಿಕ್ಸ್‌ಗಳಲ್ಲಿ ಇದೇ ಚೆನ್ನಾಗಿದೆ. ಜಾದೂಗಾರ ರಾಜಕುಮಾರನಿಗೆ ಗಾಜಿನ ಕುದುರೆ ಕೊಡುತ್ತಾನೆ. ಅವನು ಅದರ ಮೇಲೆ ಹಾರಿಹೋಗಿ ರಾಕ್ಷಸನನ್ನು ಕೊಲ್ಲುತ್ತಾನೆ. ಕಡೆಗೆ ಕುದುರೆ ಬಿದ್ದು ಚೂರುಚೂರು… ಕಣ್ಣಲ್ಲಿ ನೀರು ಬಂತು. ಅಪ್ಪ ನೋಡಿಬಿಟ್ಟರು.

“ಬಿ.ಎ. ಪಾಸಾಗಿ ದೆವ್ವದ ಚಿತ್ರಾ ನೋಡ್ಕೋತ ಅಳಾಕತ್ತೀಯಲ್ಲ, ನಿನಗೇನನ್ನಲಿ!”

ಅವರಿಗೆ ಶರ್ತಿನ ವಿಷಯ ಹೇಳಿ ಪ್ರಯೋಜನವಿಲ್ಲ.

ಶರ್ತು ಹಾಕಿದವಳು ಸ್ನೇಹಲ್. ತಿಂಗಳಿಗೆ ಮೂರು ಕಾಮಿಕ್ಸ್ — ಜಿನ್ನು, ಜಾದೂ, ಹಾರುವ ಪಟ್ಟಣ, ಇಂಥವೇ ಆಗಬೇಕು. ಎಲ್ಲ ಹಿಂದಿಯವು. ಹುಮನಾಬಾದ್ ಬಸ್‌ಸ್ಟ್ಯಾಂಡ್ ಹತ್ತಿರ ತುಳಜಾರಾಮ ಕಾಕಾನ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಓದಿ ಒಬ್ಬರಿಂದ ಒಬ್ಬರಿಗೆ ದಾಟಿಸಬೇಕು. ತಿಂಗಳ ಕೊನೆಯ ರವಿವಾರ ಹುಮನಾಬಾದಿನಲ್ಲಿ ಸ್ನೇಹಲ್ ಮನೆಯಲ್ಲಿ ಕೂತು, ಪುಸ್ತಕ ಮುಚ್ಚಿಟ್ಟು, ಒಬ್ಬೊಬ್ಬರೂ ಒಂದು ಕಥೆ ಹೇಳಬೇಕು. ಚೆನ್ನಾಗಿ ಹೇಳಿದವಳಿಗೆ ಸಂಜೆತನಕ ಪಡಸಾಲೆಯ ಜೋಕಾಲಿ. ಉಳಿದವರು ಅವಳಿಗೆ ಚಹಾ ತಂದುಕೊಡಬೇಕು. ಜನವರಿಯಲ್ಲಿ ಜೋಕಾಲಿ ನನ್ನದಾಗಿತ್ತು.

ಅವರಿಗೆಲ್ಲ ಆಟ. ನನಗಲ್ಲ. ಜೂನ್‌ನಲ್ಲಿ ಸ್ನೇಹಲ್ ತಮ್ಮ ಹಳೇ ಮನೆಯ ಮುಂದಿನ ಕೋಣೆಯಲ್ಲಿ ಚಿಕ್ಕಮಕ್ಕಳ ಶಾಲೆ ತೆಗೆಯುತ್ತಾಳೆ. ಜೊತೆಗೊಬ್ಬಳು ಬೇಕು. “ಕಥೀ ಹೇಳಾಕ ಬರೋ ಹುಡುಗಿ ಬೇಕು ನೋಡು,” ಅಂದಿದ್ದಾಳೆ. ಅದು ನಾನೇ, ಮತ್ತ್ಯಾರು? ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚು. ಶಾಲೆಯ ಗೋಡೆಗೆ ಹಳದಿ ಬಣ್ಣ ಇರಲಿ ಅಂತ ಹೇಳಿದವಳೂ ನಾನು. ಇನ್ನೂ ಬಾಯಿಬಿಟ್ಟು ಕರೆದಿಲ್ಲ, ಅಷ್ಟೇ.

28 ಫೆಬ್ರುವರಿ, ರವಿವಾರ, ಸಂಜೆ

ನಾನೇ ಕರೆದುಕೊಂಡು ಹೋದದ್ದು. ಇನ್ನು ಯಾರಿಗೆ ಬೈಯಲಿ?

ಮುನ್ನಿ ಬೀ. ನಮ್ಮ ಹಿಂದಿನ ಓಣಿಯ ಗಡಿಯಾರ ರಿಪೇರಿ ಜಲಾಲುದ್ದೀನ್ ಚಾಚಾನ ಮಗಳು. ಉರ್ದು ಶಾಲೆಯಲ್ಲಿ ಓದಿದವಳು. ನನ್ನ ಕೈಯಲ್ಲಿ ಕಾಮಿಕ್ಸ್ ನೋಡಿ “ನಾನೂ ಶರ್ತಿಗಿ ಬರ್ತೀನಿ” ಅಂತ ಗಂಟುಬಿದ್ದಳು. ಅವಳ ಅಮ್ಮ ಒಬ್ಬಳನ್ನೇ ಬಸ್ಸಿಗೆ ಬಿಡುವವರಲ್ಲ. “ವಿದ್ಯಾ ಜೊತಿಗಿದ್ರ ಹೋಗು,” ಅಂದರು. ಪಾಪ, ಮನೆಯಲ್ಲೇ ಕೂತಿರುತ್ತಾಳೆ ಅಂತ ಪುಸ್ತಕ ಕೊಟ್ಟೆ. ಬಸ್ಸಿನಲ್ಲಿ ಕಿಟಕಿ ಸೀಟೂ ಕೊಟ್ಟೆ.

ಸ್ನೇಹಲ್, ನಾನು, ಹುಡಗಿ ಅನ್ನೋ ಊರಿನಿಂದ ಬರುವ ಪ್ರಣಿತಾ, ಮುನ್ನಿ. ನಾನು ಮೊದಲು ‘ಕಾಂಚ್ ಕಾ ಘೋಡಾ’ ಹೇಳಿದೆ. ಒಂದು ಹೆಸರೂ ಬಿಡಲಿಲ್ಲ. ಆಮೇಲೆ ಮುನ್ನಿ — “ನಾನೂ ಅದನ್ನೇ ಹೇಳ್ತೀನಿ.” ನಗು ಬಂತು ನನಗೆ.

“ನೆಲದ ಮ್ಯಾಲ ಗಾಜಿನ ಚೂರು ಬಿದ್ದಾವ. ಒಬ್ಬ ಹುಡುಗ ಅಳಾಕತ್ತಾನ. ಅಂವ ಅತ್ತಂಗ ಅತ್ತಂಗ ಒಂದೊಂದೇ ಚೂರು ಕೂಡ್ತಾವ. ನೋಡಿದ್ರ ಕುದುರಿ! ಎದ್ದು ನಿಂತು ಅವನ ಕಣ್ಣೀರು ನೆಕ್ತದ…”

ಕುದುರೆ ಹತ್ತಿ ರಾಜಕುಮಾರ ಸತ್ತ ರಾಕ್ಷಸನ ಹತ್ತಿರ ಹೋಗುತ್ತಾನೆ. ಅವನ ಎದೆಯಿಂದ ಕತ್ತಿ ಕೀಳುತ್ತಾನೆ. ರಾಕ್ಷಸ ಎದ್ದು ಕೂರುತ್ತಾನೆ. ಕಡೆಗೆ ರಾಜಕುಮಾರ ಊರಿಗೆ ಬಂದು ಕುದುರೆಯನ್ನು ಜಾದೂಗಾರನಿಗೆ ವಾಪಸು ಕೊಡುತ್ತಾನೆ. “ತಗೋರಿ, ಇದು ನಂದಲ್ಲ,” ಅನ್ನುತ್ತಾನೆ.

ಪ್ರಣಿತಾ ಬಾಯಿ ತೆರೆದುಕೊಂಡು ಕೂತಿದ್ದಳು. ಸ್ನೇಹಲ್ ಓಢಣಿಯಿಂದ ಕಣ್ಣು ಒರೆಸಿಕೊಂಡಳು. ನಾನು ಹೇಳಿದಾಗ ಹೇರ್‌ಪಿನ್ ಸರಿಮಾಡಿಕೊಳ್ಳುತ್ತಿದ್ದಳು!

“ಪುಸ್ತಕದಾಗ ಹಾಂಗಿಲ್ಲ,” ಅಂದೆ.

“ಇರಲಿ ಬಿಡ. ಹಿಂಗೇ ಛಂದ ಅದ,” ಅಂದಳು ಸ್ನೇಹಲ್.

ಜೋಕಾಲಿ ಮುನ್ನಿಗೆ. ಚಹಾ ತಂದುಕೊಟ್ಟವಳು ನಾನು. ಅವಳ ಕಪ್ಪಿಗೆ ಸಕ್ಕರೆ ಹಾಕಲಿಲ್ಲ.

2 ಮಾರ್ಚ್, ಮಂಗಳವಾರ

ಹೊಟ್ಟೆಕಿಚ್ಚು? ನನಗೆ? ಅದೂ ಮುನ್ನಿಯ ಮೇಲೆ? ಛೇ.

ಅವಳ ಹಲ್ಲು ಸ್ವಲ್ಪ ಮುಂದಿವೆ. ನಕ್ಕರೆ ಒಸಡು ಕಾಣುತ್ತದೆ. ಸ್ನೇಹಲ್ ಅದನ್ನು ಗಮನಿಸಿಲ್ಲ ಅಂತ ಕಾಣುತ್ತದೆ.

ಹೌದು, ಹೊಟ್ಟೆಕಿಚ್ಚೇ. ಬರೆದರೆ ಯಾರು ನೋಡುತ್ತಾರೆ.

28 ಮಾರ್ಚ್, ರವಿವಾರ

ಬಕ್ರೀದ್ ಹತ್ತಿರ. ಮನೆಗೆಲಸ ಬಹಳ ಅಂತ ಮುನ್ನಿ ಬರಲಿಲ್ಲ. ಬಸ್ಸಿನಲ್ಲಿ ಹಾಡು ಗುನುಗುತ್ತ ಹೋದೆ.

‘ಉಡತಾ ಕುಆಂ’ ಹೇಳಿದೆ. ಊರ ಬಾವಿ ಆಕಾಶಕ್ಕೆ ಹಾರಿಹೋಗುತ್ತದೆ, ಹುಡುಗಿಯೊಬ್ಬಳು ತನ್ನ ಜಡೆ ಕತ್ತರಿಸಿ ಹಗ್ಗ ಹೊಸೆದು ಅದನ್ನು ಕೆಳಗಿಳಿಸುತ್ತಾಳೆ. ಕೈ ಬಾಯಿ ಎಲ್ಲ ತಿರುಗಿಸಿ ಹೇಳಿದೆ. ಜೋಕಾಲಿ ಸಿಕ್ಕಿತು. ಸ್ನೇಹಲ್ ಚಹಾ ತಂದಳು. ಕಪ್ಪು ಕೈಗೆ ಕೊಡುತ್ತ — “ಇದನ್ನ ಮುನ್ನಿ ಹ್ಯಾಂಗ ಹೇಳ್ತಿದ್ದಳೋ ಏನೋ!”

ಜೋಕಾಲಿಯ ಮೇಲೆ ನಾನು. ಮಾತೆಲ್ಲ ಮುನ್ನಿಯ ಬಗ್ಗೆ. ಚಹಾ ಅರ್ಧಕ್ಕೇ ಬಿಟ್ಟೆ.

20 ಏಪ್ರಿಲ್, ಮಂಗಳವಾರ

ಸಿಕ್ಕಿಬಿದ್ದಳು! ಸಿಕ್ಕಿಬಿದ್ದಳು!

ಪುಸ್ತಕ ಇಸಿದುಕೊಳ್ಳಲು ಮುನ್ನಿಯ ಮನೆಗೆ ಹೋದೆ. ಹೊರಸಿನ ಮೇಲೆ ಕೂತು ಕಾಮಿಕ್ಸ್ ನೋಡುತ್ತಿದ್ದಳು. ಹಿಂದಿನ ರಟ್ಟಿನಿಂದ ಶುರುಮಾಡಿದ್ದಾಳೆ. ಪುಟ ತಿರುಗಿಸುವುದೂ ಉಲ್ಟಾ. ಪ್ರತಿ ಪುಟದಲ್ಲೂ ಬಲಗಡೆಯ ಚಿತ್ರ ಮೊದಲು, ಎಡಗಡೆಯದು ಆಮೇಲೆ — ಉರ್ದು ಪುಸ್ತಕ ಓದುವ ಹಾಗೆ!

“ಅಕ್ಷರ ಬ್ಯಾಡೇನು ನಿಂಗ?” ಅಂತ ಸುಮ್ಮನೆ ಕೇಳಿದೆ.

“ಚಿತ್ರಾ ಸಾಕು ತಗೋ.”

ಹಿಂದಿ ಓದಲು ಬರುವುದೇ ಇಲ್ಲ ಅವಳಿಗೆ. ಅದಕ್ಕೇ ಚೂರು ಕೂಡಿ ಕುದುರೆ ಆದದ್ದು. ಅದಕ್ಕೇ ರಾಕ್ಷಸ ಎದ್ದು ಕೂತದ್ದು. ಬುದ್ಧಿವಂತಿಕೆ ಏನೂ ಅಲ್ಲ. ತಪ್ಪು. ಬರೀ ತಪ್ಪು. ಅದಕ್ಕೆ ಸ್ನೇಹಲ್ ಕಣ್ಣೀರು ಹಾಕಿದಳು!

ಅವಳಿಗೆ ಏನೂ ಹೇಳಲಿಲ್ಲ. ರವಿವಾರ ಬರಲಿ. ಇವತ್ತು ಊಟಕ್ಕೆ ಒಂದು ರೊಟ್ಟಿ ಹೆಚ್ಚೇ ಹೋಯಿತು.

25 ಏಪ್ರಿಲ್, ರವಿವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಸ್ನೇಹಲ್ ಬಾಗಿಲಲ್ಲೇ ಮುನ್ನಿಯ ಕೈ ಹಿಡಿದು, “ಹೋದ ತಿಂಗಳದ್ದು ಬಾಕಿ ಅದ, ಬಾವಿ ಕಥೀ ಹೇಳಬೇಕು,” ಅಂದಳು. ಮುನ್ನಿ ಹೇಳಿದಳು. ಮೋಟು ಕೂದಲಿನ ಹುಡುಗಿಯ ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಬಾವಿ. ಹಗ್ಗ ಬಂದು ಅವಳ ತಲೆಗೆ ಕೂಡಿ ಜಡೆಯಾಗುತ್ತದೆ. ಬಾವಿ ಹಾರಿಹೋಗುತ್ತದೆ. “ಬಾವಿಗೂ ಊರು ಬ್ಯಾಸರಾಗಿತ್ತು ನೋಡ್ರಿ, ದಿನಾ ಅದೇ ಕೊಡ, ಅದೇ ಜಗಳ.” ಎಲ್ಲರೂ ಬಿದ್ದುಬಿದ್ದು ನಕ್ಕರು.

ಆಗ ಪುಸ್ತಕ ತೆಗೆದು ಅವಳ ಕೈಗೆ ಕೊಟ್ಟೆ. “ಮೊದಲನೇ ಪುಟದ ಮೊದಲನೇ ಸಾಲು ಓದು.”

ಹಿಂದಿನಿಂದ ತೆರೆದಳು. ನೋಡಿದಳು. ಕಿವಿಯೆಲ್ಲ ಕೆಂಪು. “ನಂಗ ಹಿಂದಿ ಓದಾಕ ಬರಂಗಿಲ್ಲ. ಚಿತ್ರಾ ನೋಡತೀನಿ.”

“ಅದೂ ಉಲ್ಟಾ!” ಅಂದೆ. ಎಲ್ಲ ಬಿಡಿಸಿ ಹೇಳಿದೆ, ಟೀಚರ್ ಹಾಗೆ. ಪ್ರಣಿತಾ ತಲೆ ತಗ್ಗಿಸಿದಳು. ಸ್ನೇಹಲ್ ಮುಖ ಸಪ್ಪಗಾಗುತ್ತದೆ ಅಂತ ಕಾಯುತ್ತಿದ್ದೆ.

“ಹಿಂದಿನಿಂದನಾ? ಅಯ್ಯ, ತೋರಸು ತೋರಸು!” ಅಂತ ಅವಳು ಮುನ್ನಿಯನ್ನು ಎಳೆದುಕೊಂಡು ಜೋಕಾಲಿಯ ಮೇಲೆ ಕೂತಳು. ಇಬ್ಬರೂ ಒಂದೇ ಜೋಕಾಲಿಯಲ್ಲಿ. ಒಂದೇ ಪುಸ್ತಕ. ಎಷ್ಟು ಹೊತ್ತೋ. ಆಮೇಲೆ ಸ್ನೇಹಲ್ — “ಮುನ್ನಿ, ಜೂನ್‌ದಾಗ ನೀ ನಮ್ಮ ಸಾಲಿಗಿ ಬಾ. ಮಕ್ಕಳಿಗಿ ಕಥೀ ಹೇಳಾಕ.”

ನಾನು ಅಲ್ಲೇ ನಿಂತಿದ್ದೆ. ನನ್ನ ಮುಂದೆಯೇ ಕರೆದಳು. ಮುನ್ನಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ, ಬಂಗ್ಲಾ ಸ್ಟಾಪು ದಾಟಿದ ಮೇಲೆ ಮುನ್ನಿ ಕೇಳಿದಳು.

“ಮೊದ್ಲೇ ಗೊತ್ತಿತ್ತೇನು ನಿಂಗ?”

“ಹೂಂ.”

“ನಂಗ ಮನ್ಯಾಗೇ ಹೇಳಬಹುದಿತ್ತಲ್ಲ, ವಿದ್ಯಾ.”



9 ಮೇ, ರವಿವಾರ

ಸ್ನೇಹಲ್ ನಮ್ಮೂರಿಗೆ ಬಂದಿದ್ದಳು. ಮೊದಲು ಹೋದದ್ದು ಮುನ್ನಿ ಮನೆಗೆ. ಆಮೇಲೆ ನಮ್ಮ ಮನೆಗೆ. ಅಮ್ಮ ಕೊಟ್ಟ ಚೂಡಾ ಮುಟ್ಟಲಿಲ್ಲ.

“‘ಓದಾಕ ಬರದಾಕಿ ಸಾಲ್ಯಾಗ ಬಂದು ಏನ್ ಮಾಡ್ಲಿ’ ಅಂತಾಳ. ಎಷ್ಟ ಹೇಳಿದ್ರೂ ಒಲ್ಲೆ ಅಂದ್ಳು. ಶರ್ತಿಗೂ ಬರಂಗಿಲ್ಲಂತ.” ಎದ್ದು ನಿಂತು — “ನೀನರ ಬಾ.”

ನೀನರ. ನೀನಾದರೂ ಅಂತ. ಆ ‘ಅರ’ ಎರಡಕ್ಷರ ಇಲ್ಲದಿದ್ದರೆ ಕುಣಿದುಬಿಡುತ್ತಿದ್ದೆ. ಬರುತ್ತೇನೆ ಅಂದೆ. ನನಗೆ ಬೇಕಾಗಿದ್ದದ್ದು ಇದೇ ತಾನೇ.

7 ಜೂನ್, ಸೋಮವಾರ

ಶಾಲೆ ಶುರುವಾಯಿತು. ಗೋಡೆ ಹಳದಿ. ಮಕ್ಕಳಲ್ಲಿ ಅರ್ಧ ಅಳುವವರು, ಅರ್ಧ ಓಡುವವರು. ‘ಕಾಂಚ್ ಕಾ ಘೋಡಾ’ ಹೇಳಿದೆ, ಪುಸ್ತಕದಲ್ಲಿದ್ದ ಹಾಗೇ. ಒಬ್ಬಳು ನಿದ್ದೆಹೋದಳು. “ಛಲೋ ಆತು,” ಅಂದಳು ಸ್ನೇಹಲ್, ಹಾಜರಿ ಪುಸ್ತಕ ನೋಡುತ್ತ.

5 ಜುಲೈ, ಸೋಮವಾರ

ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಮುನ್ನಿಯ ಅಮ್ಮ. ಪಕ್ಕದಲ್ಲಿ ಮುನ್ನಿ. ಹುಮನಾಬಾದಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದಾಳೆ. “ನೀ ದಿನಾ ಹೋಗ್ತಿಯಲ್ಲವ್ವ, ಜೊತಿಗಿ ಕರಕೊಂಡು ಹೋಗು,” ಅಂದರು. ಅವರಿಗೆ ಏನೂ ಗೊತ್ತಿಲ್ಲ. ಮುನ್ನಿ ಮನೆಯಲ್ಲಿ ಹೇಳಿಲ್ಲ.

ಒಂದೇ ಸೀಟು. ರಾಜೇಶ್ವರ ದಾಟಿತು, ಹುಮನಾಬಾದ್ ಬಂತು. ಇಳಿಯುವಾಗ ನನ್ನ ಟಿಫಿನ್ ಡಬ್ಬಿ ಮರೆತಿದ್ದೆ. ಅವಳೇ ಕೂಗಿ ಕೊಟ್ಟಳು.

8 ಜುಲೈ, ಗುರುವಾರ

ಈ ತಿಂಗಳ ಶರ್ತಿನ ‘ಬಿನಾ ಸಾಯೇ ಕಾ ಶಹರ್’ ನನ್ನ ತೊಡೆಯ ಮೇಲಿತ್ತು. ಕಳ್ಳನೊಬ್ಬ ಊರವರ ನೆರಳು ಕದ್ದು ಚೀಲಕ್ಕೆ ತುಂಬುತ್ತಾನೆ. ಹೀರೋ ಬಂದು ಚೀಲ ಹರಿದು ಎಲ್ಲರ ನೆರಳು ಬಿಡಿಸುತ್ತಾನೆ. ಬೋರ್. ಮುನ್ನಿ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ತಡೆಯಲಾಗಲಿಲ್ಲ.

“ಇದನ್ನ ನೀ ಹ್ಯಾಂಗ ಹೇಳ್ತಿ?”

“ಪುಸ್ತಕದಾಗ ಹಾಂಗಿಲ್ಲ ಅಂತೀ ಮತ್ತ.”

“ಅನ್ನಂಗಿಲ್ಲ.”

“ಕಸಮ್?”

“ಕಸಮ್.”

ನಕ್ಕಳು, ಒಸಡು ಕಾಣುವಂತೆ. ಪುಸ್ತಕ ಇಸಿದುಕೊಂಡು ಹಿಂದಿನಿಂದ ತೆರೆದಳು. “ಈ ಊರಾಗ ನೆರಳಿಗೆಲ್ಲ ಮನಿಷಾರ ಸಹವಾಸ ಸಾಕಾಗ್ಯದ. ಒಂದಿನ ಎಲ್ಲಾ ಓಡಿಹೋಗಿ ಒಂದು ಚೀಲದಾಗ ಅಡಗಿ ಕುಂತಾವ. ಒಬ್ಬ ಮುದುಕ ಆ ಚೀಲ ಹೊತ್ತು ತಿರಗ್ತಾನ. ‘ಬ್ಯಾಡ್ರವ್ವ, ಮನಿಗಿ ನಡೀರಿ’ ಅಂತ ಒಂದೊಂದಕ್ಕೂ ತಿಳಿಸಿ ಹೇಳ್ತಾನ…”

ಬಸ್‌ಸ್ಟ್ಯಾಂಡ್ ಬಂದುಬಿಟ್ಟಿತು. “ಉಳಿದದ್ದು ನಾಳಿ,” ಅಂತ ಇಳಿದುಹೋದಳು. ಇಡೀ ದಿನ ಆ ಮುದುಕನದೇ ಯೋಚನೆ.

18 ಜುಲೈ, ರವಿವಾರ

ಇವತ್ತು ನಾನೂ ಕೂತು ಬಲಗಡೆಯಿಂದ ಓದಿ ನೋಡಿದೆ. ಕೊನೆಯ ಪುಟದಿಂದ ಮೊದಲಿನತನಕ. ಚೀಲ, ನೆರಳು, ಮನೆ. ಏನೂ ಇಲ್ಲ. ಬರೀ ಉಲ್ಟಾ. ಮುದುಕನ ಮಾತು ಅದರಲ್ಲಿ ಎಲ್ಲಿದೆ?

ಅಂದರೆ ಅದು ತಪ್ಪು ಓದಿದ್ದರಿಂದ ಅಲ್ಲ… ಬೇಡ. ಬರೆಯುವುದಿಲ್ಲ.

25 ಜುಲೈ, ರವಿವಾರ

ಮುನ್ನಿ ಹೇಳಿದ್ದನ್ನೇ ಹೇಳಿದೆ. ಮುದುಕ ಯಾರನ್ನೂ ಎಬ್ಬಿಸದೆ ಒಬ್ಬೊಬ್ಬರ ನೆರಳನ್ನು ಅವರವರ ಹಾಸಿಗೆಯ ಪಕ್ಕ ಮಲಗಿಸಿ ಹೋಗುವುದು, ಕಡೆಗೆ ಅವನಿಗೇ ನೆರಳಿಲ್ಲದ್ದು. ಸ್ನೇಹಲ್ ಓಢಣಿ ಕಣ್ಣಿಗೆ ಹೋಯಿತು. ನನಗಾಗಿ!

“ನೀನೂ ಹಿಂದಿನಿಂದ ಓದಾಕ ಕಲ್ತಿ ನೋಡು,” ಅಂದಳು. ನಕ್ಕೆ. ಜೋಕಾಲಿ ಸಿಕ್ಕಿತು. “ನಾಳಿ ಮಕ್ಕಳಿಗೂ ಇದನ್ನೇ ಹೇಳು.”

ಹಾಯಾಗಿ ಕೂತೆ ಅಂತ ಬರೆಯಬೇಕು. ಕಾಲು ನೆಲಕ್ಕೆ ಊರಿಕೊಂಡೇ ಕೂತಿದ್ದೆ.

9 ಆಗಸ್ಟ್, ಸೋಮವಾರ

ಮಕ್ಕಳು ಹೆಚ್ಚಾಗಿದ್ದಾರೆ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಸ್ನೇಹಲ್ ಕೇಳಿದಳು.

“ಮುನ್ನಿ ಏನ್ ಮಾಡಾಕತ್ತಾಳ ಈಗ? ಮತ್ತೊಮ್ಮಿ ಕೇಳಿ ನೋಡಬೇಕಂತ ಮಾಡೇನಿ. ಓದಾಕ ನಾನೇ ಕಲಸ್ತೀನಿ ಆಕಿಗಿ. ನಿಂಗೆಲ್ಲ್ಯಾರ ಸಿಗ್ತಾಳೇನು?”

ಆ ಹೊತ್ತಿಗೆ ಮುನ್ನಿ ಎರಡು ಓಣಿ ಆಚೆ ಕಂಪ್ಯೂಟರ್ ಮುಂದೆ ಕೂತಿದ್ದಳು. ಸಂಜೆ ಬಸ್ಸಿನಲ್ಲಿ ನನಗಾಗಿ ಸೀಟಿನ ಮೇಲೆ ಕರವಸ್ತ್ರ ಹಾಕಿಟ್ಟಿರುತ್ತಾಳೆ. ಸ್ನೇಹಲ್‌ಗೆ ಸಿಕ್ಕರೆ ಮುಗಿಯಿತು. ನಾನು ಅವಳ ಕಥೆ ಕದ್ದು ಹೇಳುತ್ತಿದ್ದದ್ದು ತಿಳಿಯುತ್ತದೆ. ಅದಲ್ಲ, ಅದೊಂದೇ ಅಲ್ಲ. ಮತ್ತೆ ಇಬ್ಬರೂ ಒಂದೇ ಜೋಕಾಲಿಯಲ್ಲಿ ಕೂರುತ್ತಾರೆ. ಮೊದಲು ಮುನ್ನಿ ನನ್ನ ಸ್ನೇಹಲ್‌ಳನ್ನು ಕಸಿದುಕೊಳ್ಳುತ್ತಾಳೆ ಅಂತ ಉರಿ. ಈಗ ಸ್ನೇಹಲ್ ನನ್ನ ಮುನ್ನಿಯನ್ನು…

“ಇಲ್ಲ. ಸಿಗಂಗಿಲ್ಲ ಆಕಿ,” ಅಂದೆ.

ಸಂಜೆ ಬಸ್ಸು ಹತ್ತಿದೆ. ಕರವಸ್ತ್ರ ಇತ್ತು. ಇವತ್ತು ಹೊಸ ಕಥೆ ಹೇಳುತ್ತೇನೆ ಅಂದಿದ್ದಳು. ಪುಸ್ತಕ ತೆರೆದವಳು ಹಾಗೇ ನಿಲ್ಲಿಸಿ ಕೇಳಿದಳು.

“ವಿದ್ಯಾ, ಸ್ನೇಹಲ್ ಯಾವಾಗರ ನನ್ನ ಸುದ್ದಿ ತೆಗೀತಾಳೇನು? ಮತ್ತೊಮ್ಮಿ ಕರೀತಾಳೇನೋ ಅಂತ ಅನಸ್ತದ ನಂಗ.”

“ಇಲ್ಲ.”

ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿದಳು. ಊರು ಬರುವತನಕ ಕಿಟಕಿಯ ಕಡೆಗೇ ಮುಖ. ಕಥೆ ಹೇಳಲಿಲ್ಲ. ಇಳಿಯುವಾಗ, ನಾಳೆಯಿಂದ ಕ್ಲಾಸಿಗೆ ಬರುವುದು ಅನುಮಾನ ಅಂದಳು. ಸುಮ್ಮನೆ ಅಂದಿರಬೇಕು. ಬರುತ್ತಾಳೆ. ಬೆಳಿಗ್ಗೆ ನಾನೇ ಮೊದಲು ಹೋಗಿ ಸೀಟು ಹಿಡಿಯುತ್ತೇನೆ. ಬಂದರೆ ನಿಜ ಹೇಳಿಬಿಡಬಹುದು. ಬರದಿದ್ದರೆ…