ಏಳೂವರೆಯ ಗುಳಿಗೆ

ನವೆಂಬರ್ 8, ಶನಿವಾರ. ಬೆಳಕೆ, ಮನೆ

ಕುಮಟಾದಿಂದ ಎರಡೂವರೆಯ ಬಸ್ಸು. ಹೊನ್ನಾವರದ ತನಕ ನಿಂತೇ ಬಂದೆ. ಕೆಮಿಸ್ಟ್ರಿ ರೆಕಾರ್ಡ್ ಬರೆದಿಲ್ಲ. ಸೋಮವಾರ ಸಬ್ಮಿಶನ್. ಮೇಡಂ ಎಲ್ಲರೆದುರು ಹೆಸರು ಕರೆದರೆ... ಬೇಡ, ಆಮೇಲೆ.

ಬಾಗಿಲಲ್ಲಿ ನಾಗಜ್ಜಿ. "ಸು... ಸು... ಸು..." ಒಳಗಿಂದ ಅಪ್ಪ ಬಂದ, ಹಿತ್ತಿಲಿಂದ ಅಕ್ಕ ಬಂದಳು. ಸುಧಾಕರ, ಸುಚಿತಾ, ಸುಶ್ಮಿತಾ. ನಮ್ಮ ಮನೆಯಲ್ಲಿ ಸು ಅಂದರೆ ಮೂರು ಜನ. ಸಾಲಾಗಿ ನಿಂತೆವು.

"ಯಾರು ಬೇಕು ಆರಿಸ್ಕಾ, ಅಬ್ಬೆ" ಅಂದ ಅಪ್ಪ.

ಅಜ್ಜಿ ನಗಲಿಲ್ಲ. ನನ್ನ ಕಡೆ ಬೆರಳು ತೋರಿಸಿ ಒಳಗೆ ಹೋದಳು.

ಅಜ್ಜಿಗೆ ಪಾರ್ಕಿನ್ಸನ್ಸ್, ನಾಲ್ಕು ತಿಂಗಳಿಂದ ಗುಳಿಗೆ. ಕೈ ನಡುಗಿದ್ದಕ್ಕೆ ಅವಳು ಹೆದರಲಿಲ್ಲ. ಮಾತು ನಡುನಡುವೆ ತಡೆಯುವುದಕ್ಕೆ ಹೆದರಿದ್ದಾಳೆ. ಮೂವತ್ತು ವರ್ಷ ಭಟ್ಕಳದ ಕೇರಿಗಳಲ್ಲಿ ಮೀನು ಮಾರಿದವಳು. ಕನ್ನಡ, ಕೊಂಕಣಿ, ನವಾಯತಿ — ಮೂರರಲ್ಲೂ ಜಗಳ ಗೆದ್ದವಳು.

ಡಿಸೆಂಬರ್ 7ಕ್ಕೆ ಅಕ್ಕನ ನಿಶ್ಚಿತಾರ್ಥ. ನಮ್ಮಲ್ಲಿ ಮನೆಯ ಹಿರಿಯರು ಎದ್ದು ನಿಂತು, ಹುಡುಗಿಯ ಹೆಸರು ಹಿಡಿದು, "ಕೊಟ್ಟೆ" ಅನ್ನಬೇಕು. ಎರಡು ಸಲ. ಅಜ್ಜ ಇಲ್ಲ, ಹಾಗಾಗಿ ಅಜ್ಜಿಯೇ. ಅವಳು ಒಲ್ಲೆ ಅಂತಾಳೆ. ಅಪ್ಪ ಹೇಳಲಿ ಅಂತ ಸನ್ನೆ. ಆಮೇಲೆ ಗೋಡೆ ಕಡೆ ತಿರುಗಿ ಕೂತಳು. ಅಕ್ಕ ಅಡುಗೆಮನೆಯಲ್ಲಿ ಅತ್ತಳು.

ನವೆಂಬರ್ 9, ಬೆಳಿಗ್ಗೆ 10.30

ಎಂಟೂವರೆಗೆ ಗಂಜಿ, ನಿನ್ನೆಯ ತಾರ್ಲೆ ಮೀನಿನ ಸಾರು. ಅದರ ಮೇಲೆ ಗುಳಿಗೆ. ಅಜ್ಜಿಯ ಮಾತು ಫೋನಿನಲ್ಲಿ ರೆಕಾರ್ಡ್ ಮಾಡಿದೆ. 9.30ಕ್ಕೆ ತಡೆಯಿತು. 10.15ಕ್ಕೂ ತಡೆಯಿತು. ಕೈಯೂ ಹಾಗೇ. ಗುಳಿಗೆ ಎಲ್ಲಿಗೆ ಹೋಗುತ್ತದೆ?

ನವೆಂಬರ್ 12. ಕುಮಟಾ, ಹಾಸ್ಟೆಲ್

ಅಜ್ಜಿಯ ಗುಳಿಗೆ ತರಲು ಮೆಡಿಕಲ್ ಶಾಪಿಗೆ ಹೋಗಿದ್ದೆ. ಅಲ್ಲಿನ ಶರ್ಮಿಳಕ್ಕ ಚೀಟಿ ನೋಡಿ, "ಖಾಲಿ ಹೊಟ್ಟೇಲೇ ಕೊಡ್ತೀರಲ್ಲಾ?"

"ಇಲ್ಲ ಅಕ್ಕ. ಎ.ಸಿ. ಅಂತ ಬರೆದಿದ್ದಾರಲ್ಲ. ಆಫ್ಟರ್..."

"ಆಫ್ಟರ್ ಎಂತ?"

ನಾಲ್ಕು ತಿಂಗಳಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ, ಸಿ ಅಂದರೆ ಎಂತ ಅಂತ.

"ಅದು ಲ್ಯಾಟಿನ್ನು, ತಂಗಿ. ಎ.ಸಿ. ಅಂದ್ರೆ ಊಟಕ್ಕೆ ಮೊದಲು. ಅದ್ರಲ್ಲೂ ಮೀನು, ಮೊಟ್ಟೆ ಜೊತೆ ಹೋದ್ರೆ ಈ ಗುಳಿಗೆ ಸರಿ ಹತ್ತೂದಿಲ್ಲ."

ಮನೆಯಲ್ಲಿ ಚೀಟಿ ಓದಿದ್ದು ನಾನು. ಇಂಗ್ಲಿಷ್ ಮೀಡಿಯಂ, ಐದನೇ ಕ್ಲಾಸಿನಿಂದ ಹಾಸ್ಟೆಲ್... ಯಾರೂ ಎರಡನೇ ಸಲ ಕೇಳಲಿಲ್ಲ. ಅಜ್ಜಿ ಹೊಟ್ಟೆ ತುಂಬ ಮೀನು ತಿಂದು, ನಾನು ಹೇಳಿದಂತೆ ಗುಳಿಗೆ ನುಂಗಿದಳು. ನಾಲ್ಕು ತಿಂಗಳು.

ಅಕ್ಕನಿಗೆ ಮೆಸೇಜ್ ಹಾಕಿದೆ: ಗಂಜಿಗೆ ಒಂದು ಗಂಟೆ ಮೊದಲು ಕೊಡು, ಡಾಕ್ಟ್ರು ಚೇಂಜ್ ಮಾಡಿದ್ದಾರೆ. — ಸುಳ್ಳು.

ನವೆಂಬರ್ 16, ಭಾನುವಾರ. ಮನೆ

7.30ಕ್ಕೆ ಗುಳಿಗೆ. ಅಮ್ಮನದು ಗೊಣಗಾಟ, ಖಾಲಿ ಹೊಟ್ಟೆಗೆ ಔಷಧಿ ಯಾರು ಕೊಡ್ತಾರೆ ಅಂತ. 8.20ಕ್ಕೆ ಅಜ್ಜಿ ತಾನೇ ಹೆರಳು ಕಟ್ಟಿಕೊಂಡಳು. ಕೈ ನಡುಗಲಿಲ್ಲ.

ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಎ.ಸಿ., ಮೀನು, ಸುಳ್ಳು ಮೆಸೇಜ್.

ಅಜ್ಜಿ ನನ್ನನ್ನೇ ನೋಡಿದಳು. ಸಣ್ಣ ದನಿಯಲ್ಲಿ — "ಇದು ಕಲಿಯೂಕೆ ನಿನ್ನ ಅಷ್ಟು ವರ್ಷ ಹಾಸ್ಟೆಲಿಗೆ ಹಾಕಿದ್ದಾ?"

ಒಂದೇ ಉಸಿರಿಗೆ. ಎಲ್ಲೂ ತಡೆಯದೆ. ನಾನು ಅಳುತ್ತಾ ನಗುತ್ತಾ... ನನಗೆ ಎಂತ ಆತು ಅಂತ ಅವಳಿಗೆ ಗೊತ್ತಾಗಲಿಲ್ಲ.

ನವೆಂಬರ್ 23

ಅಕ್ಕ ವಾರವಿಡೀ ರೆಕಾರ್ಡ್ ಮಾಡಿ ಕಳಿಸಿದ್ದಾಳೆ. ಎಂಟೂಕಾಲಿನಿಂದ ಹತ್ತೂವರೆ ತನಕ ಚಲೋ. ಹನ್ನೊಂದಕ್ಕೆ ಮತ್ತೆ ಸು... ಸು... ನಿಶ್ಚಿತಾರ್ಥದ ಮುಹೂರ್ತ 11.20.

ಇನ್ನೊಂದು. ಮಂಗಳವಾರ ಒಂಬತ್ತಕ್ಕೆ ಕೈ ಕಲ್ಲಿನಂತೆ ಸ್ಥಿರ. ಆದರೂ ಮಾತು ಓಡಿ ಓಡಿ ಮುಗ್ಗರಿಸಿದೆ. ಗುಳಿಗೆಯಿಂದಲೇ ಹೀಗಾಗುತ್ತದಾ? ನಾನು ಮತ್ತೆ ಏನಾದರೂ ತಪ್ಪು ಓದಿದೆನಾ? ಚೀಟಿ ಹನ್ನೆರಡು ಸಲ ನೋಡಿದೆ.

ನವೆಂಬರ್ 28. ಕುಮಟಾ

ತಿಂಗಳಿಗೊಮ್ಮೆ ಬರುವ ನರದ ಡಾಕ್ಟ್ರು. ಅಪ್ಪ ಬೋಟಿಗೆ ಹೋಗದೆ ಅಜ್ಜಿಯನ್ನು ಕರಕೊಂಡು ಬಂದ. ನಾನು ಪ್ರಾಕ್ಟಿಕಲ್ ತಪ್ಪಿಸಿದೆ. ಡಾಕ್ಟ್ರು ಕ್ಲಿಪ್ಪುಗಳನ್ನೆಲ್ಲ ಕೇಳಿಸಿಕೊಂಡರು. ಎ.ಸಿ. ತಪ್ಪು ಓದಿದ್ದನ್ನೂ ಹೇಳಿದೆ, ಬೈಯಲಿಲ್ಲ.

"ಕೈಗೆ ಹತ್ತಿದಷ್ಟು ಮಾತಿಗೆ ಹತ್ತೋದಿಲ್ಲ ಈ ಮಾತ್ರೆ. ಕೆಲವರಿಗೆ ಮಾತು ಸಲೀಸಾಗುತ್ತೆ, ಕೆಲವರಿಗೆ ಮುಗ್ಗರಿಸೋದು ಜಾಸ್ತಿಯಾಗುತ್ತೆ. ನಿಮ್ಮಜ್ಜಿಗೆ ಹೆಚ್ಚಿನ ದಿನಗಳಲ್ಲಿ ಉಪಯೋಗ ಆಗ್ತಿದೆ. ಗ್ಯಾರಂಟಿ ಮಾತ್ರ ಕೇಳಬೇಡಿ."

ಡೋಸ್ ಏರಿಸಲಿಲ್ಲ. ಎರಡನೇ ಗುಳಿಗೆಯ ಹೊತ್ತು ಬದಲಿಸಿದರು — ಮಧ್ಯಾಹ್ನ ಒಂದು ಗಂಟೆಯ ಬದಲು ಹತ್ತೂವರೆಗೆ. ಎದುರು ಕೂತು ಕೇಳಿ ನಾನೇ ಕನ್ನಡದಲ್ಲಿ ಬರೆದುಕೊಂಡೆ. ಹೊರಡುವಾಗ ಡಾಕ್ಟ್ರು, "ಅವರ ಮಾತು ತಡೆದಾಗ ನೀವು ಮುಗಿಸಿಕೊಡಬೇಡಿ. ಕಾಯಿರಿ."

ಬಸ್‌ಸ್ಟ್ಯಾಂಡಿನಲ್ಲಿ ಅಜ್ಜಿ, "ಹೇಳ್ತೆ."

"ಎಂತದು?"

"ಹೆ-ಹೆಸರು. ನಾನೇ ಹೇಳ್ತೆ."

ಡಿಸೆಂಬರ್ 7, ಮಧ್ಯಾಹ್ನ 12.15

ಕೋಣೆ ಬಾಗಿಲು ಹಾಕಿಕೊಂಡು, ಸೀರೆ ಸಮೇತ, ಓಡಿ ಬಂದು ಬರೆಯುತ್ತಿದ್ದೇನೆ.

11.25ಕ್ಕೆ ಎದ್ದಳು. ಅಪ್ಪ ತೋಳು ಹಿಡಿಯಲು ಹೋದ, ಬೇಡ ಅಂದಳು. "ನನ್ನ ಮೊಮ್ಮಗಳು ಸುಚಿತಾನ ಕೊಟ್ಟೆ." ಸಣ್ಣ ದನಿ. ಆದರೆ ಪೂರ್ತಿ.

ಎರಡನೇ ಸಲ — "ಸು..." ನಿಂತಿತು. "ಸು..." ಹೆಸರು ನನ್ನ ನಾಲಿಗೆಯ ತುದಿಯಲ್ಲಿ. ಸೆರಗು ಬಾಯಿಗೆ ತುರುಕಿಕೊಂಡೆ. ಹುಡುಗನ ಸೋದರಮಾವ ದೇವಪ್ಪನವರು ಮುಂದೆ ಬಾಗಿ, "ಸುಚಿತಾ ಅಲ್ದಾ..."

ಅಜ್ಜಿ ಕೈ ಎತ್ತಿದಳು. "ತಡೀರಿ."

ತಡೆದರು. ಎಲ್ಲರೂ. ಎಷ್ಟು ಹೊತ್ತೋ.

"ಸುಚಿತಾ. ಕೊಟ್ಟೆ." ಆಮೇಲೆ ದೇವಪ್ಪನವರ ಕಡೆ ತಿರುಗಿ, "ನಿಮಗೆ ಎಂತ ಅವಸರ? ಹೆಣ್ಣೇನು ಓಡಿ ಹೋಗ್ತಿಲ್ಲ."

ಮೊದಲು ನಕ್ಕವರು ದೇವಪ್ಪನವರೇ.

ಈಗ ಹೊರಗೆ ಮದುವೆ ದಿನದ ಚರ್ಚೆ. ಅವರು ಫೆಬ್ರವರಿ ಅಂತಾರೆ. ಅಜ್ಜಿ ಏಪ್ರಿಲ್ ಅಂತಾಳೆ, ನಮ್ಮ ಸಣ್ಣವಳ ಪರೀಕ್ಷೆ ಮುಗಿಯಲಿ ಅಂತ. ಎರಡು ಸಲ ತಡೆಯಿತು. ಯಾರೂ ನಡುವೆ ಬಾಯಿ ಹಾಕಲಿಲ್ಲ, ದೇವಪ್ಪನವರೂ ಸಹ. ಈಗ ನನ್ನನ್ನೇ ಸಾಕ್ಷಿಗೆ ಕರೀತಿದ್ದಾಳೆ, ಪರೀಕ್ಷೆ ಯಾವಾಗ ಅಂತ ಹೇಳೂಕೆ. ಡಿಗ್ರಿ ಪರೀಕ್ಷೆ ಮೇ ತಿಂಗಳಲ್ಲಿ ಅಂತ ಹೇಳಿಬಿಟ್ಟರೆ ಅಜ್ಜಿಯ ವಾದ ಪೂರಾ ಬಿದ್ದು —