ಎಡಗೈಯ ಚಾಕು

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಅಕ್ಕನೂ ಕೂಸೂ ಚೆನ್ನಾಗಿದ್ದಾರೆಂದು ತಿಳಿದು ಜೀವಕ್ಕೆ ಸಮಾಧಾನವಾಯಿತು. ಇಲ್ಲಿ ನಾವಿಬ್ಬರೂ ಹೊತ್ತುಹೊತ್ತಿಗೆ ಉಣ್ಣುತ್ತಿದ್ದೇವೆ. ಫೋನಿನಲ್ಲಿ ನಾನು ಹೇಳಿದ್ದರಲ್ಲಿ ಅಷ್ಟು ಮಾತ್ರ ನಿಜ. ಉಳಿದದ್ದನ್ನು ಹೇಳೋಣವೆಂದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಲಕ್ವಾ ಹೊಡೆದದ್ದು ಎಡಗೈಗೆ, ಕಿವಿಗಲ್ಲ ನೋಡು. ಅದಕ್ಕೇ ಈ ಕಾಗದ.

ಸಂಗೀತದ ಮೇಷ್ಟ್ರು ನಮ್ಮಲ್ಲಿ ಮಾಡಿಸುತ್ತಿರುವ ಗಿಟಾರು ಇನ್ನೂ ಮುಗಿದಿಲ್ಲ. ತಂತಿಗಳನ್ನು ಕಟ್ಟುವ ಬೀಟೆಮರದ ಪಟ್ಟಿ, ಅದೇ ಬ್ರಿಡ್ಜ್, ಅದೊಂದು ಬಾಕಿ. ಶುಕ್ರವಾರ ಅವರು ಬಂದು ಒಯ್ಯುತ್ತಾರೆ. ನಾನೊಬ್ಬಳೇ ಮಾಡುತ್ತಿರುವ ಮೊದಲ ಬ್ರಿಡ್ಜ್ ಇದು. ಎರಡು ತುಂಡು ಆಗಲೇ ಕೆಡಿಸಿದ್ದೇನೆ. ಎರಡೂ ಸಲ ಅಂಚು ತೆಳ್ಳಗೆ ಮಾಡುವಾಗ ಚಾಕು ಮರದೊಳಕ್ಕೆ ನುಗ್ಗಿ ಚಕ್ಕೆ ಎದ್ದಿತು. ಇದ್ದೊಂದು ಬೀಟೆ ಹಲಗೆಯಲ್ಲಿ ಉಳಿದಿರುವುದು ಇನ್ನೊಂದೇ ತುಂಡು. ಇದೂ ಕೆಟ್ರೆ ಅಂಗಡಿ ಬಾಗಿಲು ಹಾಕೋಣ, ನೀನು ಬೇರೆ ಕೆಲಸ ನೋಡ್ಕೋ ಎಂದುಬಿಟ್ಟಿದ್ದಾರೆ ಅಪ್ಪ. ಬೇರೆ ಕೆಲಸ ನನಗೆ ಬೇಡ ಅಮ್ಮಾ.

ಅಪ್ಪ ತಮ್ಮ ಸಾಮಾನಿನ ಪೆಟ್ಟಿಗೆಯನ್ನೇ ನನ್ನ ಮುಂದಿಟ್ಟು, ಇದ್ರಲ್ಲೇ ಮಾಡು, ಹೊರಗಿನದು ಮುಟ್ಟಬೇಡ ಎಂದಿದ್ದರು. ನನ್ನ ಕೈಯೇ ಸರಿಯಿಲ್ಲ ಎಂದುಕೊಂಡು ಅತ್ತದ್ದೂ ಆಯಿತು. ಮೊನ್ನೆ ಬಲಗೈಯಲ್ಲಿ ಬೊಬ್ಬೆ ಎದ್ದಿತೆಂದು ಅವರ ಚಾಕುವನ್ನು ಎಡಗೈಗೆ ತೆಗೆದುಕೊಂಡು ಒಂದು ರದ್ದಿ ಮರದ ಮೇಲೆ ಎಳೆದೆ. ಸಿಪ್ಪೆ ಸುರುಳಿ ಸುರುಳಿಯಾಗಿ ಬಂತು! ಅಪ್ಪ ಎಡಚರಲ್ಲವೇ? ಇಷ್ಟು ವರ್ಷ ಒಂದೇ ಬದಿಗೆ ಸಾಣೆ ಹಿಡಿದು ಹಿಡಿದು ಅದನ್ನು ತಮ್ಮ ಕೈಗೆ ಪಳಗಿಸಿಬಿಟ್ಟಿದ್ದಾರೆ. ಅದು ಅವರಿಗೂ ಹೊಳೆದಿಲ್ಲ, ನನಗೂ ಹೊಳೆದಿರಲಿಲ್ಲ.

ಗರಗಸ, ಅರ, ಡ್ರಿಲ್ಲು ಎಲ್ಲ ಅಪ್ಪನದೇ ಸಾಕು. ಅವಕ್ಕೆ ಎಡ ಬಲದ ಹಂಗಿಲ್ಲ. ಚಾಕು ಒಂದೇ ಬೇಕಾಗಿತ್ತು. ಪೇಟೆಯ ಸಾಮಾನಿನ ಅಂಗಡಿಯವನ ತಲೆ ತಿಂದು, ಇದ್ದಬದ್ದದ್ದನ್ನೆಲ್ಲ ಹಿಡಿದು ನೋಡಿ, ಬಲಗೈಗೆ ಒಗ್ಗುವುದನ್ನು ಆರಿಸಿ ತಂದೆ. ಅಪ್ಪ ನೋಡಿಯೇಬಿಟ್ಟರು. ನನ್ನ ಸಾಮಾನು ನಿಂಗೆ ಆಗ್ಬರಲ್ವೇನೇ ಎಂದವರು ಮುಖ ತಿರುಗಿಸಿ ಕೂತರು.

ಕಾರಣ ಹೇಳಲು ಬಾಯಿ ಬರುತ್ತಿಲ್ಲ. ಇದು ಎಡಗೈಯವರ ಚಾಕು ಎಂದರೆ, ಆ ಕೈ ಇನ್ನು ಮೇಲೇಳುವುದಿಲ್ಲ ಎಂದ ಹಾಗಲ್ಲವೇ? ಬೆಳಗಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಕೊನೆಯ ತುಂಡನ್ನು ಎತ್ತುತ್ತೇನೆ, ಇಡುತ್ತೇನೆ. ಒಲೆಯ ಮೇಲೆ ಹಾಲಿಟ್ಟು ಮರೆತು ಅದೂ ಉಕ್ಕಿ ಹೋಯಿತು. ಹೊಸ ಚಾಕುವನ್ನು ಡ್ರಾಯರಿನಲ್ಲಿ ಬಚ್ಚಿಟ್ಟಿದ್ದೇನೆ. ಅದನ್ನು ಹಿಡಿದರೆ ಅಪ್ಪನಿಗೆ ನೋವು, ಹಿಡಿಯದಿದ್ದರೆ ಬ್ರಿಡ್ಜ್ ಆಗುವುದಿಲ್ಲ. ಏನು ಮಾಡಲಿ, ಬೇಗ ಬರೆ. ಬೇಡ, ಫೋನೇ ಮಾಡು. ನೀನು ಹೇಳು, ನಾನು ಹ್ಞೂಂ ಅನ್ನುತ್ತೇನೆ.

ನಿನ್ನ
ಗಡಿಬಿಡಿ ಮಗಳು

ತಾ.ಕ.: ಸ್ಟಾಂಪು ತರಲು ಹೋಗಿ ಬರುವಷ್ಟರಲ್ಲಿ ಡ್ರಾಯರು ತೆರೆದಿತ್ತು. ಅಪ್ಪ ನನ್ನ ಬೆಂಚಿನ ಮುಂದೆ ಕೂತು, ನಾನು ಕೆಡಿಸಿದ ತುಂಡನ್ನು ವೈಸಿನ ಇಕ್ಕಳಕ್ಕೆ ಸಿಕ್ಕಿಸಿ, ಹೊಸ ಚಾಕುವನ್ನು ಬಲಗೈಯಲ್ಲಿ ಹಿಡಿದು ಕೆತ್ತುತ್ತಿದ್ದರು. ಆಗಷ್ಟೇ ಬರೆಯಲು ಕಲಿತವರ ಅಕ್ಷರದ ಹಾಗೆ ಸೊಟ್ಟಸೊಟ್ಟ. ನೆಲದ ತುಂಬ ಸಿಪ್ಪೆ. ತಲೆ ಎತ್ತದೆಯೇ, ಇಂಥದ್ದೇ ಇನ್ನೊಂದು ತಗೊಂಡ್ಬಾ, ಇದು ನಂಗಿರ್ಲಿ, ಆ ಕೊನೇ ತುಂಡು ನೀನು ಶುರು ಮಾಡು ಎಂದರು. ಫೋನು ಮಾಡಬೇಡ ಅಮ್ಮಾ, ನಾನು ಚಾಕು ತರಲು ಓಡುತ್ತಿದ್ದೇನೆ.